ನೀರಿನೊಳಗಿನ ಜೋಡಿ

ನಿಸರ್ಗಾ,

ಇವತ್ತು ಮಧ್ಯಾಹ್ನ ಕ್ಯಾಂಪ್‌ಬೆಲ್ ಊರಿನಲ್ಲಿರುವ ಜಗನ್ ಮನೆಯಲ್ಲಿ ನಮ್ಮ ಡೈವಿಂಗ್ ಗುಂಪು ಸೇರಿತ್ತು. ಮಾರ್ಚಿನಲ್ಲಿ ಕೆರಿಬಿಯನ್ನಿನ ಬೊನೇರ್ ದ್ವೀಪಕ್ಕೆ ಒಂದು ವಾರ ಹೋಗುವುದೆಂದು ತೀರ್ಮಾನವಾಯಿತು. ಸಮುದ್ರಕ್ಕೆ ಯಾರೂ ಒಬ್ಬರೇ ಇಳಿಯುವಂತಿಲ್ಲವಲ್ಲ, ಹಾಗಾಗಿ ಯಾರಿಗೆ ಯಾರು ಜೋಡಿ ಎಂದು ಬರೆಯಲು ಕುಳಿತೆವು. ನಾವಿದ್ದದ್ದು ಏಳು ಜನ. ಕೊನೆಗೆ ನಾನೊಬ್ಬಳು ಉಳಿದೆ.

"ನಿಸರ್ಗಾನ ಕರೀಬಹುದಿತ್ತು," ಎಂದಳು ತನ್ವಿ.

ಜಗನ್ ನಕ್ಕ. "ಅವಳೆಲ್ಲಿ ಬರ್ತಾಳೆ? ಮಾಂಟೆರೆ ಸಮುದ್ರದಲ್ಲಿ ಹೆದರ್ಕೊಂಡು ಮೇಲೆ ಬಂದೋಳು ಡೈವಿಂಗೇ ಬಿಟ್ಲು."

ಮೂರು ವರ್ಷದಿಂದ ಈ ಮಾತು ಬಂದಾಗಲೆಲ್ಲ ನಾನು ಸುಮ್ಮನಿದ್ದೆ. ಇವತ್ತು ಆಗಲಿಲ್ಲ.

"ಅವಳು ಹೆದರಿರ್ಲಿಲ್ಲ ಜಗನ್. ಅವಳ ಜೋಡಿಯಾಗಿದ್ದ ನಾನೇ ಅವಳನ್ನ ಬಿಟ್ಟು ಒಂದು ಸೀಲ್ ಮರಿ ಹಿಂದೆ ಹೋದೆ. ಕಾಲಿಗೆ ಪಾಚಿ ಬಳ್ಳಿ ಸುತ್ಕೊಂಡಾಗ ಅವಳ ಪಕ್ಕ ಯಾರೂ ಇರ್ಲಿಲ್ಲ. ಒಬ್ಬಳೇ ಬಿಡಿಸ್ಕೊಂಡು ಮೇಲೆ ಬಂದ್ಲು."

ಅವತ್ತು ದೋಣಿಯಲ್ಲಿ ಎಲ್ಲರೂ ನಿನಗೆ ಧೈರ್ಯ ಹೇಳುತ್ತಿದ್ದಾಗ ನೀನು ನನ್ನನ್ನೇ ನೋಡುತ್ತಿದ್ದೆ. ನಾನು ಕಾಲಿಗೆ ಹಾಕಿದ್ದ ಈಜುರೆಕ್ಕೆ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿದ್ದೆ.

ಜಗನ್ ಎದ್ದು ಟೀ ಮಾಡಲು ಹೋದ. ಉಳಿದವರು ದ್ವೀಪದ ನಕ್ಷೆ ನೋಡುತ್ತ ಕುಳಿತರು. ತನ್ವಿ ಮಾತ್ರ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಮೇದಿನಿ, ಇದನ್ನ ಅವಳಿಗೆ ಯಾವತ್ತಾದ್ರೂ ಹೇಳಿದ್ಯಾ?"

"ಪತ್ರ ಬರೆದಿದೀನಿ," ಎಂದೆ.

ಅವಳ ಮುಖ ಅರಳಿತು. ಅದನ್ನು ನೋಡಿದ ಮೇಲೆ, ಬರೆದದ್ದರಲ್ಲಿ ಒಂದನ್ನೂ ಕಳಿಸಿಲ್ಲ ಎಂದು ಹೇಳಲು ನನ್ನಿಂದಾಗಲಿಲ್ಲ.