ಹಾಸಿದ ಬಟ್ಟೆಗೆ ಒಂದು ದಿನ

ಮಾವ,

ಎದುರು ನಿಂತು ಹೇಳಲಾಗದ್ದನ್ನು ಚೀಟಿಯಲ್ಲಿ ಬರೆದು ನಿನ್ನ ಟಿಫಿನ್ ಡಬ್ಬಿಯ ಮೇಲೆ ಇಡುತ್ತಿದ್ದೆನಲ್ಲ, ನೆನಪಿದೆಯಾ? ಮೂರು ವರ್ಷ ಬಳ್ಳಾರಿಯ ನಿನ್ನ ಮನೆಯಲ್ಲಿದ್ದು ಡಿಗ್ರಿ ಓದಿದೆ. ಬಸ್ ಪಾಸಿಗೆ ಸಹಿ ಬೇಕಾದರೂ ಚೀಟಿಯೇ. "ಏನ್ಲೇ ಇದು, ನಿನಗ ಬಾಯಿ ಇಲ್ಲೇನು?" ಎಂದು ನಗುತ್ತಿದ್ದೆ ನೀನು. ನೀನು ಹೋಗಿ ಎರಡು ವರ್ಷವಾಯಿತು. ಇದೂ ಅಂಥದೇ ಚೀಟಿ, ಸ್ವಲ್ಪ ಉದ್ದದ್ದು. ನಿನ್ನ ಮಗಳು ರೇಣುಕಾ ಬಗ್ಗೆ ಹೇಳಬೇಕಿತ್ತು.

ನನ್ನ ಪಿಯುಸಿ ಮುಗಿದ ಬೇಸಿಗೆಯಲ್ಲಿ ಸಿರುಗುಪ್ಪದಿಂದ ನಿಮ್ಮ ಮನೆಗೆ ಬಂದಿದ್ದೆ. ಒಂದು ಮಧ್ಯಾಹ್ನ ನಿನಗೆ ಊಟ ಕೊಡಲು ಜೀನ್ಸ್ ಯೂನಿಟ್ಟಿಗೆ ಬಂದೆ. ಉದ್ದನೆಯ ಮೇಜಿನ ಮೇಲೆ ಪದರದ ಮೇಲೆ ಪದರ ಬಟ್ಟೆ ಹಾಸಿದ ನೀನು, ಕತ್ತರಿಯನ್ನು ಕಿಟಕಿಯಲ್ಲಿಟ್ಟು ಕೈ ತೊಳೆಯಲು ಹೊರಟೆ. "ಕತ್ತರಿಸಲ್ಲೇನು ಮಾವ?" ಎಂದೆ. "ಇವತ್ತಿಲ್ಲ. ಥಾನಿನಾಗ ಬಿಗಿಯಾಗಿ ಸುತ್ತಿರ್ತಾರ, ಬಟ್ಟಿ ಎಳಕೊಂಡಿರ್ತೈತಿ. ಒಂದಿನ ಸುಮ್ನ ಬಿಟ್ರ ತನ್ನ ಅಳತಿಗೆ ತಾನು ಬರ್ತೈತಿ. ಈಗ್ಲೇ ಕತ್ರಿ ಹಾಕಿದ್ರ…" ಮುಂದೆ ಹೇಳದೆ ನಿನ್ನ ಕಾಲು ತೋರಿಸಿದೆ.

ನಿನ್ನ ಪ್ಯಾಂಟು ಹಿಮ್ಮಡಿಯಿಂದ ಎರಡು ಬೆರಳು ಮೇಲೆ ನಿಂತಿತ್ತು! ಹೊಸದಾಗಿ ಕಟಿಂಗ್ ಮಾಸ್ಟರ್ ಆದಾಗ ಮಾಲೀಕ ಅವಸರ ಮಾಡಿದನೆಂದು ಥಾನು ಬಿಚ್ಚಿದ ಕೂಡಲೇ ಬಟ್ಟೆ ಕತ್ತರಿಸಿಬಿಟ್ಟಿದ್ದೆಯಂತೆ. ಒಗೆದು ಬಂದಾಗ ಅಷ್ಟೂ ಪ್ಯಾಂಟು ಗಿಡ್ಡ. ಅದರಲ್ಲಿ ನಾಲ್ಕನ್ನು ಮನೆಗೆ ತಂದು, ಕೊನೆಯವರೆಗೂ ಅವನ್ನೇ ತೊಟ್ಟು ಕೆಲಸಕ್ಕೆ ಹೋದೆ. ಯಾರಾದರೂ ನಕ್ಕರೆ ನೀನೂ ಜೊತೆಗೆ ನಗುತ್ತಿದ್ದೆ. ಅಷ್ಟು ಧೈರ್ಯ ಎಲ್ಲಿಂದ ಬಂತು ನಿನಗೆ?

ಅದೇ ವಾರ ಅಪ್ಪ ಬಿಕಾಂ ಅರ್ಜಿ ಹಿಡಿದು ಸಿರುಗುಪ್ಪದಿಂದ ಬಂದರು. ತಾವು ದುಡಿಯುವ ಅಕ್ಕಿ ಗಿರಣಿಯಲ್ಲಿ ನನಗೂ ಮುಂದೆ ಒಂದು ಕುರ್ಚಿ ಸಿಗಲಿ ಎಂಬ ಆಸೆ. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ನೀನು ಅರ್ಜಿಯನ್ನು ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಹರವಿ ಇಟ್ಟೆ. "ಭಾವ, ಒಂದಿನ ಇಲ್ಲೇ ಬಿದ್ದಿರ್ಲಿ. ಯಾರೂ ಆಕಿನ್ನ ಏನೂ ಕೇಳಬ್ಯಾಡ್ರಿ." ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ನನ್ನ ಬಾಯಿಂದ ತಾನಾಗಿಯೇ ಬಂತು: "ಕನ್ನಡ." ಅಪ್ಪ ಬಸಿಯಲ್ಲಿದ್ದ ಚಹಾ ಮುಗಿಸಿ, ಬಿಕಾಂ ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ನೀನು, "ಬಂತು ನೋಡ್ರಿ ಅಳತಿಗೆ," ಎಂದೆ.

ಈಗ ನಾನು ದಿನಾ ಬಸ್ಸಿನಲ್ಲಿ ಕುರುಗೋಡಿಗೆ ಹೋಗಿ, ಅಲ್ಲೊಂದು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ ಮಾವ. ನಾನು! ಹಿಂದಿನ ಬೆಂಚಿನವರಿಗೂ ಕೇಳುತ್ತದಂತೆ.

ಈ ಬೇಸಿಗೆ ರೇಣುವಿನ ಪಿಯುಸಿ ಫಲಿತಾಂಶ ಬಂತು. ಒಳ್ಳೆಯ ಅಂಕ. ಅಂಕ ಒಳ್ಳೆಯದಾದಷ್ಟೂ ಹೇಳುವವರು ಹೆಚ್ಚು. ಕುರುಗೋಡಿನಿಂದ ಅತ್ತೆಯ ಅಣ್ಣ ಬಸಣ್ಣ ಬಂದು, "ಕಂಪ್ಯೂಟರ್ ತಗೊಳ್ಲಿ ಆಕಿ, ಎಲ್ಲಾರೂ ಅದನ್ನೇ ತಗೊಳ್ಳಾಕತ್ಯಾರ," ಎಂದ. ಅತ್ತೆಗೆ ನರ್ಸಿಂಗ್ ಇಷ್ಟ, ಬೇಗ ಕೆಲಸ ಸಿಗುತ್ತದೆ ಅಂತ. ರೇಣು ಉಗುರು ನೋಡುತ್ತಾ ಕೂತಿದ್ದಳು. ಕೊನೆಗೆ ಅತ್ತೆ ನನ್ನ ಕಡೆ ತಿರುಗಿ, "ಓದಿದಾಕಿ ನೀನು. ನೀನೇ ಏನರ ಹೇಳವ್ವಾ. ನಿಮ್ಮ ಮಾವ ಇದ್ದಿದ್ರ…" ಎಂದರು.

ಆಗ ನಾನು ಮಾಡಿದ್ದನ್ನು ಹೇಗೆ ಬರೆಯಲಿ? ಅವಳ ಮೌನದಲ್ಲಿ ನನ್ನದೇ ಮೌನ ಕಂಡಂತಾಯಿತು. ಗೋಡೆಗೆ ಅಂಟಿ ನಿಂತವಳಿಗೆ ಬೇಕಿದ್ದದ್ದು ಸಾಹಿತ್ಯವಾದ ಮೇಲೆ, ಉಗುರು ನೋಡುತ್ತಾ ಕೂತವಳಿಗೂ ಅದೇ ಬೇಕಲ್ಲವೇ? "ಆಕಿಗೆ ಕನ್ನಡ ಓದ್ಬೇಕಂತ ಐತಿ, ಹೇಳಾಕ ಹೆದರಿಕಿ," ಎಂದುಬಿಟ್ಟೆ. ರೇಣು ತಲೆ ಎತ್ತಿ, "ನೀನೂ ಇವ್ರಂಗ ಆದಿ ಅಕ್ಕಾ," ಎಂದು ಎದ್ದು ಹೋದಳು.

ಅವಳು ಹೋದ ಬಾಗಿಲ ಹಿಂದೆ, ಮೊಳೆಗೆ ನಿನ್ನ ಗಿಡ್ಡ ಪ್ಯಾಂಟು ನೇತಾಡುತ್ತಿತ್ತು. ಉಳಿದ ಬಟ್ಟೆಯನ್ನೆಲ್ಲ ಯಾರ್ಯಾರಿಗೋ ಕೊಟ್ಟರೂ ಅದೊಂದನ್ನು ಅತ್ತೆ ಇಟ್ಟುಕೊಂಡಿದ್ದಾರೆ. ನಿನ್ನ ಕೈಕೆಳಗೆ ಬೆಳೆದ ನಾನೇ ಥಾನು ಬಿಚ್ಚಿದ ಕೂಡಲೇ ಕತ್ತರಿ ಹಾಕಿದ್ದೆ ಮಾವ! ರೇಣುವಿನ ಕಾಲೇಜಿನ ಖಾಲಿ ಅರ್ಜಿಯನ್ನು ಮೇಜಿನ ಮೇಲೆ ಹರವಿ, ಮೇಲೊಂದು ಲೋಟ ಇಟ್ಟು ಹೇಳಿದೆ: "ತಪ್ಪಾತು. ನಾಳಿ ತನಕ ಯಾರೂ ಆಕಿನ್ನ ಕೇಳಬ್ಯಾಡ್ರಿ. ನಾನೂ ಕೇಳಲ್ಲ." ಬಸಣ್ಣ "ಇದೇನ್ ಪೂಜಿಗಿಟ್ರೇನು?" ಎಂದು ಗೊಣಗಿದ.

ಮರುದಿನ ಬೆಳಿಗ್ಗೆ ರೇಣು ಲೋಟ ಎತ್ತಿ ಪಕ್ಕಕ್ಕಿಟ್ಟಳು. "ಬಿಎಸ್ಸಿ. ಗಣಿತ." ನಾವ್ಯಾರೂ ಅಂದುಕೊಂಡೇ ಇರಲಿಲ್ಲ. ಯಾಕೆ ಎಂದು ಅತ್ತೆ ಕೇಳಿದ್ದಕ್ಕೆ ಏನಂದಳು ಗೊತ್ತಾ? "ಅಷ್ಟೇ ಬಟ್ಟ್ಯಾಗ ಬ್ಯಾರೆಯವ್ರಿಗಿಂತ ಅಪ್ಪ ಒಂದ್ ಪ್ಯಾಂಟು ಹೆಚ್ಗಿ ತೆಗಿತಿದ್ನಲ್ಲ, ಬಟ್ಟಿ ಮ್ಯಾಲ ಅಳತಿ ರಟ್ಟಿನ ತುಂಡು ಆಕಡಿ ಈಕಡಿ ತಿರುಗಿಸಿ ತಿರುಗಿಸಿ. ಸಣ್ಣಾಕಿದ್ದಾಗಿಂದ ನೋಡೇನಿ. ಅದು ಹೆಂಗಂತ ನನಗ ಪೂರಾ ತಿಳಿಬೇಕು." ಅತ್ತೆ ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು. ಹೊರಗೆ ಬಂದಾಗ ಎಲ್ಲರಿಗೂ ಉಪ್ಪಿಟ್ಟು ತಂದಿದ್ದರು. ಬಸಣ್ಣ ಬಿಡಲಿಲ್ಲ: "ಅದನ್ನ ಓದಿ ಮುಂದೇನ್ ಆಗ್ತಿ?" "ಗೊತ್ತಿಲ್ಲ ಬಸಣ್ಣ ಮಾವ. ಈಗಿನ್ನೂ ಹಾಸೇನಿ."

ಸೋಮವಾರ ಅರ್ಜಿ ಕೊಡಲು ಕಾಲೇಜಿಗೆ ಹೋದೆವು. ತಂದೆಯ ಹೆಸರಿನ ಹಿಂದೆ 'ದಿವಂಗತ' ಎಂದಿದ್ದನ್ನು ನೋಡಿ ಕೌಂಟರಿನಲ್ಲಿದ್ದವರು, "ಉದ್ಯೋಗದ ಮುಂದ ಗೆರಿ ಎಳಿಯಮ್ಮ," ಎಂದರು. ರೇಣು ಎಳೆಯಲಿಲ್ಲ. 'ಕಟಿಂಗ್ ಮಾಸ್ಟರ್' ಎಂದು ದುಂಡಗೆ ಬರೆದಳು. ಅವರು ಅದನ್ನು ಓದಿ, ಮತ್ತೊಮ್ಮೆ ನಿನ್ನ ಹೆಸರು ನೋಡಿ, ಪೆನ್ನು ಕೆಳಗಿಟ್ಟರು.

"ಗಿಡ್ಡ ಪ್ಯಾಂಟಿನ ಮಾಸ್ಟರೇನು? ನನ್ನ ಹೆಂಡ್ತಿ ಮನ್ಯಾಗ ಜೀನ್ಸ್ ಹೊಲಿತಾಳ. ಅವರು ಕತ್ತರಿಸಿದ ಪೀಸಂದ್ರ ಅಳತಿನೂ ನೋಡ್ತಿರ್ಲಿಲ್ಲ, ಸೀದಾ ಹೊಲಿಯಾಕ ಕುಂದ್ರತಿದ್ಲು."

"ನಮ್ಮಪ್ಪ," ಎಂದಳು ರೇಣು.

ಆಮೇಲೆ, ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ, "ನಮ್ಮ ಮಾವ!" ಎಂದು ಇನ್ನೊಬ್ಬಳು ಕೂಗಿದಳು. ಅದು ನಾನೇ ಮಾವ. ಚೀಟಿಯಲ್ಲಿ ಅಲ್ಲ, ಬಾಯಿಂದ.