ಲಕ್ಷ್ಮಿ ಮಚ್ಚೆ

ಹೊಸೂರು, 1983

ಅತ್ತೆಮ್ಮಾ,

ನೀವು ತೀರಿಕೊಂಡು ವರ್ಷವಾಯ್ತು, ಆದ್ರೂ ಇದನ್ನ ನಿಮಗೇ ಹೇಳ್ಬೇಕು. ಹೆಣ್ಣು ನೋಡೋಕೆ ಬಂದಾಗ ನನ್ನ ಅಂಗಾಲಿನ ಕರಿ ಮಚ್ಚೆ ನೋಡಿ, ಲಕ್ಷ್ಮಿ ಅಂತ ಒಪ್ಪಿಕೊಂಡ್ರಲ್ಲ, ಅದು ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರಂತೆ. ಬೆಂಗಳೂರಲ್ಲಿ ಕತ್ತರಿಸಿ ತೆಗೆದ್ರು. ಅಗಲಕ್ಕೆ ಹರಡಿದ್ರೂ ಪುಣ್ಯಕ್ಕೆ ಇನ್ನೂ ಆಳಕ್ಕಿಳಿದಿಲ್ಲ ಅಂದ್ರು.

ಪ್ರತಿ ಶುಕ್ರವಾರ ನನ್ನ ಕಾಲು ತೊಡೆ ಮೇಲಿಟ್ಕೊಂಡು ಅದಕ್ಕೆ ಅರಿಶಿನ ಕುಂಕುಮ ಹಚ್ತಿದ್ರಿ. ಅದು ಹರಡಿದಾಗ "ಲಕ್ಷ್ಮಿ ಬೆಳೀತಾವ್ಳೆ" ಅಂತ ಬೀದಿಗೆಲ್ಲಾ ಸಾರಿದ್ರಿ.

ನಿನ್ನೆ ನಿಮ್ಮ ಮಗಳು ಅಂಬುಜ ಕೆಲಮಂಗಲದಿಂದ ಬಂದಿದ್ಲು. ಕಾಲಿನ ಕಟ್ಟು ನೋಡಿ, "ಕತ್ತರಿಸಿದ್ದನ್ನ ತಂದ್ರಾ ಅತ್ತಿಗೆ? ಲಕ್ಷ್ಮೀನ ಆಸ್ಪತ್ರೇಲಿ ಬಿಟ್ಟು ಬರ್ತಾರಾ? ದೇವರ ಮನೇಲಿ ಇಡಬಹುದಿತ್ತು" ಅಂದ್ಲು. ಬಾಯಲ್ಲಿದ್ದ ಕಾಫೀನ ಅಂಗಳಕ್ಕೆ ಉಗಿದೆ.

ಉಳಿದ ಮಚ್ಚೆಗಳ ಮೇಲೂ ಕಣ್ಣಿಡಬೇಕಂತೆ, ಡಾಕ್ಟರು ಹೇಳಿ ಕಳಿಸಿದ್ದಾರೆ. ಬಣ್ಣ, ಅಂಚು, ಗಾತ್ರ ಬದಲಾದ್ರೆ ತಕ್ಷಣ ಬರಬೇಕಂತೆ. ಬೆನ್ನಿನವು ನನಗೆ ಕಾಣಲ್ಲ. ನಿಮ್ಮ ಮಗ ಮುಟ್ಟೋಕೇ ಹೇಸ್ಕೋತಾರೆ.

"ವಾರವಾರ ಕೂತು ನೋಡೋರು ಮನೇಲಿ ಯಾರಿದ್ದಾರಮ್ಮ?" ಅಂತ ಡಾಕ್ಟರು ಕೇಳಿದ್ರು.

ಥೂ, "ನಮ್ಮತ್ತೆ" ಅಂದ್ಬಿಟ್ಟೆ.