ಸಕ್ಕರೆ ಗಂಜಿಯ ಕ್ರೋಶಾ ಬಟ್ಟೆ

ಕಿಕಿಂಡಾ
ಮಾರ್ಚ್ 9, ಭಾನುವಾರ ಸಂಜೆ

ಪ್ರೀತಿಯ ಅಮ್ಮಾ,

ನೀನು ಕೇಳಿದ್ದ ಕ್ರೋಶಾ ಬಟ್ಟೆ ಸಿಕ್ಕಿತು. ಬಿಳಿ ನೂಲಿನದು, ಅಂಚಿಗೆ ದ್ರಾಕ್ಷಿ ಎಲೆಗಳನ್ನು ಹೆಣೆದಿರುವುದು, ಮೊದಲು ನಮ್ಮ ಟಿ.ವಿ. ಮೇಲೆ ಇರುತ್ತಿತ್ತಲ್ಲ, ಅದೇ. ಇವತ್ತು ಬೆಳಿಗ್ಗೆ ಕೈಗೆತ್ತಿಕೊಂಡಾಗ ಅದು ಬೆಚ್ಚಗಿತ್ತು, ಆಗಷ್ಟೇ ಯಾರೋ ಮೈಯಿಂದ ತೆಗೆದಿಟ್ಟ ಸ್ವೆಟರಿನ ಹಾಗೆ. ಮೂಸಿ ನೋಡಿದೆ. ಸಿಹಿ ವಾಸನೆ ಬರುತ್ತಿತ್ತು.

ಅದಿದ್ದದ್ದು ಅಪ್ಪನ ಕಂಪ್ಯೂಟರಿನ ಮೇಲೆ. ಅಪ್ಪನಿಗೆ ಕಂಪ್ಯೂಟರ್ ಎಲ್ಲಿಂದ ಬಂತು ಎಂದು ಕೇಳುತ್ತೀಯ. ನಿನಗೆ ಇದುವರೆಗೆ ಬರೆಯದ ಸಂಗತಿ ಅದೊಂದೇ. ಅಪ್ಪ ಹೇಳಬೇಡ ಎಂದಿದ್ದರು.

ಸಕ್ಕರೆ ಕಾಯಿಲೆ ಎಂದು ಡಾಕ್ಟರು ಬರೆದುಕೊಟ್ಟು ಹಾರುವ ಪರವಾನಗಿ ಹೋದ ಮೇಲೆ ಅಪ್ಪ ಕಿಟಕಿಗೆ ಬೆನ್ನು ಹಾಕಿ ಕೂರಲು ಶುರುಮಾಡಿದ್ದು ನಿನಗೆ ಗೊತ್ತು. ಅಷ್ಟು ವರ್ಷ ಗೋಧಿ ಹೊಲಗಳ ಮೇಲೆ ಮದ್ದು ಸಿಂಪಡಿಸುತ್ತ ತಗ್ಗಿನಲ್ಲಿ ಹಾರಿದವರಿಗೆ ಆಕಾಶ ನೋಡುವುದೇ ಬೇಡವಾಗಿತ್ತು. ನೀನು ಆ ಬೇಸಿಗೆಯಲ್ಲಿ ಚಿಕ್ಕಮ್ಮನ ಬಾಡಿಗೆ ಕೋಣೆಗಳನ್ನು ನೋಡಿಕೊಳ್ಳಲು ಕಡಲತೀರದ ಟಿವಾತ್‌ಗೆ ಹೋದೆ. ಮಾರನೆಯ ಬೇಸಿಗೆಯೂ ಅಲ್ಲೇ ಉಳಿದೆ. ನೀವಿಬ್ಬರೂ ಜಗಳ ಆಡಲಿಲ್ಲ. ಆಡಿದ್ದರೆ ಯಾರಾದರೂ ಬಂದು ರಾಜಿಯಾದರೂ ಮಾಡಿಸುತ್ತಿದ್ದರು.

ಕಳೆದ ಶರತ್ಕಾಲದಲ್ಲಿ ಪಕ್ಕದ ಮನೆಯ ಗಾವ್ರಾ ಮಾವ ಒಂದು ಚುಕ್ಕಾಣಿ ಹೊತ್ತುಕೊಂಡು ಬಂದರು. ನಿಜವಾದ ವಿಮಾನದ್ದಲ್ಲ, ಕಂಪ್ಯೂಟರಿಗೆ ಜೋಡಿಸುವಂಥದ್ದು. "ವಿತೊಮಿರ್, ಇದು ನಮ್ಮನೆ ಮೇಜಿನ ಮೇಲೆ ಜಾಗ ತಿಂತಾ ಇದೆ, ನೀನಾದ್ರೂ ಇಟ್ಕೋ" ಎಂದರು. ಅದು ಸುಳ್ಳು; ಹೊಸದಾಗಿ ತಂದದ್ದು, ತಳದಲ್ಲಿ ಪ್ಲಾಸ್ಟಿಕ್ ಹಾಳೆ ಇನ್ನೂ ಅಂಟಿಕೊಂಡಿತ್ತು. ಅವರದೊಂದು ಗುಂಪಿದೆ ಅಮ್ಮಾ. ಹಳೆಯ ವಿಮಾನ ಮೆಕ್ಯಾನಿಕ್‌ಗಳು, ಹಲ್ಲಿನ ಡಾಕ್ಟರೊಬ್ಬರು, ನಿವೃತ್ತ ರೈಲು ಚಾಲಕರು ಎಲ್ಲ ಸೇರಿ ಭಾನುವಾರದ ಊಟ ಮುಗಿಸಿ ತಮ್ಮ ತಮ್ಮ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಒಟ್ಟಿಗೆ ವಿಮಾನ ಹಾರಿಸುತ್ತಾರೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಬ್ಬರನ್ನೊಬ್ಬರು ಬೈದುಕೊಂಡು.

ಅದಕ್ಕೆ ಬೇಕಾದ ಕಂಪ್ಯೂಟರನ್ನು ಆರಿಸುವ ಕೆಲಸ ನನ್ನ ತಲೆಗೆ ಬಂತು. ಸಾಹಿತ್ಯ ಓದಿ ಕೆಲಸ ಹುಡುಕುತ್ತ ಕೂತವಳಿಗೆ ಓದುವ ಅಭ್ಯಾಸವಾದರೂ ಇತ್ತು. ಅಂಗಡಿಯವನು ಎಲ್ಲಕ್ಕಿಂತ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಎತ್ತಿ ಮುಂದಿಟ್ಟು, "ಇದೊಂದು ಹಾಕ್ಬಿಡಿ ಮೇಡಂ, ಮೋಡ ಮುಟ್ಟಿದ್ರೆ ಕೈ ಒದ್ದೆ ಆಗತ್ತೆ" ಎಂದ. ಬೇರೆ ಆಟಗಳಿಗೆ ಅದು ಸರಿಯಿರಬಹುದು. ವಿಮಾನದ ಆಟದಲ್ಲಿ ರೆಕ್ಕೆಯ ಮೇಲಿನ ಗಾಳಿ, ಹವಾಮಾನ, ಸುತ್ತಲಿನ ವಿಮಾನಗಳು, ಎಲ್ಲದರ ಲೆಕ್ಕವನ್ನೂ ಮೊದಲು ಪ್ರೊಸೆಸರ್ ಮಾಡಿ ಮುಗಿಸಬೇಕು. ಚಿತ್ರ ಬಿಡಿಸುವ ಕಾರ್ಡ್ ಅದಕ್ಕಾಗಿ ಕಾದು ಕೂರುತ್ತದೆ. ಅಡುಗೆ ಆಗದೆ ಬಡಿಸುವವರು ಎಷ್ಟು ಜನ ನಿಂತರೇನು? ಬೇಕಾದ ಸಾಮಾನೆಲ್ಲ ಕೈಗೆಟಕುವಷ್ಟು ಹತ್ತಿರ ಇಟ್ಟುಕೊಳ್ಳಬಲ್ಲ ಪ್ರೊಸೆಸರ್ ಇದೆಯೆಂದು ಓದಿದ್ದೆ. ಅದರ ಹೆಸರು ಹೇಳಿದೆ. ಅವನಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದೆ. ನನ್ನ ದನಿ ಹೇಗೆಂದು ನಿನಗೆ ಗೊತ್ತಲ್ಲ. ಅಪ್ಪ ಹಿಂದಿನಿಂದ, "ಅವಳು ಹೇಳಿದ್ದೇ ಕೊಡಪ್ಪಾ, ಮೂರನೇ ಸಲ ಕೇಳಿದ್ರೆ ಓಡಿ ಹೋಗ್ತಾಳೆ" ಎಂದರು. ಬಹಳ ತಿಂಗಳ ಮೇಲೆ ಅವರು ಮಾಡಿದ ಮೊದಲ ತಮಾಷೆ ಅದು.

ಕಾರ್ಡ್ ಮಧ್ಯಮದ್ದು ಕೊಂಡೆವು. ಮೆಮೊರಿ ಧಾರಾಳವಾಗಿ ಹಾಕಿಸಿದೆವು. ಮನೆಗೆ ತಂದ ಮೇಲೆ ನೋಡಿದರೆ ಆ ಮೆಮೊರಿ ತನ್ನ ಶಕ್ತಿಯ ಅರ್ಧ ವೇಗದಲ್ಲಿ ಓಡುತ್ತಿತ್ತು. ಅದು ಬರುವುದೇ ಹಾಗಂತೆ, ಪೂರ್ತಿ ವೇಗವನ್ನು ನಾವೇ ತೆರೆದುಕೊಡಬೇಕಂತೆ. ತೆರೆದುಕೊಟ್ಟೆ. "ಇಷ್ಟು ದಿನ ಹ್ಯಾಂಡ್‌ಬ್ರೇಕ್ ಹಾಕ್ಕೊಂಡೇ ಓಡಿಸ್ತಿದ್ವಾ?" ಎಂದರು ಅಪ್ಪ. ಚಿತ್ರಗಳು ಒಮ್ಮೆ ಓಡಿ ಒಮ್ಮೆ ಎಡವುವ ಬದಲು ಒಂದೇ ಹದದಲ್ಲಿ ಬರಲೆಂದು ವೇಗಕ್ಕೊಂದು ಮಿತಿ ಹಾಕಿದೆ. ಅವರು ಹಳೆಯ ಎಂಜಿನ್ನಿನ ಸದ್ದು ಆಲಿಸುವ ಹಾಗೆ ಕತ್ತು ವಾರೆ ಮಾಡಿ ನೋಡಿ, "ಹಾಂ, ಈಗ ಸರಿಯಾಗಿ ಉಸಿರಾಡ್ತಿದೆ" ಎಂದರು. ಯಾವುದನ್ನು ಎಷ್ಟು ಸ್ಪಷ್ಟವಾಗಿ ತೋರಿಸಬೇಕೆಂದು ಯಂತ್ರಕ್ಕೆ ಹೇಳುವಾಗ ಮಾತ್ರ ನಮ್ಮಿಬ್ಬರಿಗೂ ಸ್ವಲ್ಪ ಎಳೆದಾಟವಾಯಿತು.

"ಮರ ಕಮ್ಮಿ ಮಾಡು. ಮೋಡ ಮುಟ್ಬೇಡ."

"ಮನೆಗಳು?"

"ಬೆಲ್‌ಗ್ರೇಡ್‌ದು ಬೇಕಾದ್ರೆ ಬೋಳಿಸ್ಬಿಡು. ಟಿವಾತ್ ಮನೆಗಳು ಹಾಗೇ ಇರ್ಲಿ."

ನಾನು ಯಾಕೆಂದು ಕೇಳಲಿಲ್ಲ ಅಮ್ಮಾ. ಟಿವಾತ್‌ನಲ್ಲಿ ಇಳಿಯುವುದು ಬಲು ಕಷ್ಟ, ಅದಕ್ಕೇ ಅಲ್ಲಿಗೆ ಅಭ್ಯಾಸ ಮಾಡುತ್ತೇನೆಂದು ಗುಂಪಿಗೆ ಹೇಳಿಕೊಂಡಿದ್ದರು. ಕಷ್ಟವೇನೋ ನಿಜ. ಬೆಟ್ಟಗಳ ನಡುವೆ ತಗ್ಗಿ, ಕೊಲ್ಲಿಯ ನೀರಿನ ಮೇಲೆ ತಿರುಗಿ, ತಿರುವು ಮುಗಿಯುವಷ್ಟರಲ್ಲಿ ರನ್‌ವೇ ಎದುರಿಗೆ ಬಂದುಬಿಡುತ್ತದೆ.

ಆ ತಿರುವಿನಲ್ಲೇ ನಮ್ಮ ಯಂತ್ರ ಕೈಕೊಡುತ್ತಿತ್ತು. ಬೆಲ್‌ಗ್ರೇಡ್‌ನಿಂದ ಅಲ್ಲಿಯವರೆಗೆ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಬಂದು, ನೀರು ಕಂಡ ಕೂಡಲೇ ಚಿತ್ರ ತುಂಡು ತುಂಡಾಗಿ, ನಿಂತು, ಮತ್ತೆ ಬರುವಾಗ ಬೆಟ್ಟವೇ ಮೂಗಿನ ಮುಂದೆ ಇರುತ್ತಿತ್ತು. ಪ್ರತಿ ಸಲವೂ ಹೀಗೇ. ನಾನು ಕೂತು ಪರೀಕ್ಷೆ ಮಾಡಿದರೆ ಏನೂ ಆಗದು. ನಾನೇ ನಾಲ್ಕಾರು ಸಲ ಟಿವಾತ್‌ನಲ್ಲಿ ಇಳಿದೆ, ಕೆಟ್ಟದಾಗಿ ಇಳಿದೆ ನಿಜ, ಆದರೆ ಚಿತ್ರ ನಿಲ್ಲಲಿಲ್ಲ. ಪ್ರೊಸೆಸರಿಗೆ ಕೊಡುವ ವಿದ್ಯುತ್ತನ್ನು ಕೂದಲೆಳೆಯಷ್ಟು ಇಳಿಸಿ ನೋಡಿದೆ, ದೂರದ ಗುಡ್ಡಗಳನ್ನು ಮಸುಕು ಮಾಡಿ ನೋಡಿದೆ. ನಾನು ಕೂತಾಗ ಸರಿ, ಅಪ್ಪ ಕೂತಾಗ ಇಲ್ಲ.

ಅಜ್ಜಿಗೆ ಎರಡೇ ಚಿಂತೆ. ಒಂದು, ಕಂಪ್ಯೂಟರ್ ಪೆಟ್ಟಿಗೆಯ ಫ್ಯಾನುಗಳು. "ಕಾಲಿಗೆ ಗಾಳಿ ಊದ್ತದೆ ಅದು. ನಾಳೆ ಸೊಂಟ ಹಿಡ್ಕೊಂಡ್ರೆ ಕಂಪ್ಯೂಟರ್ ಬಂದು ಎಣ್ಣೆ ತಿಕ್ಕತ್ತಾ?" ಎಂದು ಅಪ್ಪನ ಮೊಣಕಾಲಿಗೆ ಉಣ್ಣೆಯ ಕಂಬಳಿ ಸುತ್ತುತ್ತಾರೆ. ಇನ್ನೊಂದು, ಡಬ್ಬಿಯಲ್ಲಿ ಸಕ್ಕರೆ ಕಡಿಮೆಯಾಗುತ್ತಿರುವುದು. "ಕದ್ದು ತಿಂತಾನೆ ಕಣೇ ಇವ್ನು. ಆ ಕೋಣೆಗೆ ಹೋದ್ರೆ ಮಿಠಾಯಿ ಅಂಗಡಿ ವಾಸನೆ." ಡಬ್ಬಿಯನ್ನು ಈಗ ತಮ್ಮ ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದಾರೆ. ಅಪ್ಪ ಒಂದು ಮಾತೂ ಆಡದೆ ಬೈಸಿಕೊಂಡರು.

ಇವತ್ತು ಮಧ್ಯಾಹ್ನ ಇಡೀ ಗುಂಪು ಟಿವಾತ್‌ಗೆ ಹಾರುವುದಿತ್ತು. ಅಪ್ಪ ಬೆಳಿಗ್ಗೆಯೇ ಎದ್ದು ಒಬ್ಬರೇ ಒಮ್ಮೆ ಹಾರಿಸಿ ನೋಡಿದರು. ಅದೇ ತಿರುವು, ಅದೇ ಬೆಟ್ಟ. ಅಡುಗೆಮನೆಗೆ ಬಂದು ಕಾಫಿ ಮುಂದೆ ಕೂತವರು, "ಸೆಂಕಾ, ಮಧ್ಯಾಹ್ನವೂ ಹೀಗಾದ್ರೆ ಎಲ್ಲಾ ಬಿಚ್ಚಿ ಗಾವ್ರಾಗೆ ಕೊಟ್ಬಿಡು. ನಂಗೆ ಅಲ್ಲಿ ಇಳಿಯೋ ಯೋಗ ಇಲ್ಲ" ಎಂದರು. ಸಿಟ್ಟಿನಿಂದ ಅಂದಿದ್ದರೆ ನಾನು ಹೆದರುತ್ತಿರಲಿಲ್ಲ. ಮೆಲ್ಲಗೆ ಅಂದರು, ಕುರ್ಚಿಯನ್ನು ಕಿಟಕಿಯಿಂದ ತಿರುಗಿಸಿಕೊಂಡರು.

ನಾನು ಅವರ ಕೋಣೆಗೆ ಹೋಗಿ ಎಂದಿನಂತೆ ಮೊದಲು ಪೆಟ್ಟಿಗೆಯ ಮೇಲಿನ ಬಟ್ಟೆ ಎತ್ತಿ ಪಕ್ಕಕ್ಕಿಡಲು ಹೋದೆ. ಆಗಲೇ ಅದರ ಬಿಸಿ ಕೈಗೆ ತಾಗಿದ್ದು.

ಅಮ್ಮಾ, ಶುಕ್ರವಾರ ನಿನ್ನ ಪತ್ರ ಬಂದಾಗಿನಿಂದ ಆ ಬಟ್ಟೆಗಾಗಿ ಬೀರು, ಟ್ರಂಕು, ಅಟ್ಟ ಎಲ್ಲ ಹುಡುಕಿದ್ದೆ. ಅದಕ್ಕೂ ಮೊದಲು ಎಷ್ಟೋ ಸಲ ಅದನ್ನೇ ಎತ್ತಿ ಪಕ್ಕಕ್ಕಿಟ್ಟಿದ್ದೆ, ನೋಡಿರಲಿಲ್ಲ ಅಷ್ಟೆ. ಅಜ್ಜಿಯಿರುವ ಈ ಮನೆಯಲ್ಲಿ ರೇಡಿಯೋ ಮೇಲೊಂದು, ಫ್ರಿಜ್ ಮೇಲೊಂದು, ನೀರಿನ ಮೀಟರಿನ ಮೇಲೂ ಒಂದು ಕ್ರೋಶಾ. ಇಲ್ಲಿ ಬೆಳೆದ ಯಾರ ಕಣ್ಣಿಗೂ ಅದು ಬಟ್ಟೆಯಾಗಿ ಕಾಣುವುದಿಲ್ಲ, ವಸ್ತುವಿನ ತಲೆಗೂದಲಾಗಿ ಕಾಣುತ್ತದೆ. ಆದರೆ ನಮ್ಮ ಪೆಟ್ಟಿಗೆ ಬಿಸಿ ಗಾಳಿಯನ್ನು ಹೊರಬಿಡುವುದು ನೆತ್ತಿಯಲ್ಲಿರುವ ತೂತುಗಳಿಂದ. ಇದಕ್ಕೋ ಸಕ್ಕರೆ ನೀರಿನ ಗಂಜಿ ಹಾಕಿ ರೊಟ್ಟಿಯ ಹಾಗೆ ಬಿಗಿ ಮಾಡಿತ್ತು, ಹೆಣಿಗೆಯ ಕಣ್ಣುಗಳಲ್ಲೆಲ್ಲ ಸಕ್ಕರೆ ಕಟ್ಟಿ ಧೂಳು ಅಂಟಿತ್ತು. ನಾನು ಪರೀಕ್ಷೆ ಮಾಡುವಾಗ ತೆಗೆದಿಡುತ್ತಿದ್ದೆ. ಅಪ್ಪ ಹಾರುವಾಗ ಅದು ಮತ್ತೆ ಮೇಲೇರಿರುತ್ತಿತ್ತು. ಹಾರುತ್ತ ಹಾರುತ್ತ ಒಳಗೆ ಬಿಸಿ ತುಂಬಿ, ಬೆಟ್ಟ, ನೀರು, ಊರು ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಬೇಕಾದ ಹೊತ್ತಿಗೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತಿತ್ತು.

ಅಜ್ಜಿಯದೇ ಕೆಲಸ ಎಂದುಕೊಂಡು ಹೋಗಿ ಕೇಳಿದೆ. ನೂಡಲ್ಸಿಗೆ ಹಿಟ್ಟು ಲಟ್ಟಿಸುತ್ತಿದ್ದವರು ತಲೆಯೆತ್ತಲಿಲ್ಲ. "ನಿಮ್ಮಮ್ಮ ಹೆಣೆದದ್ದನ್ನ ನಾನ್ಯಾಕೆ ಮುಟ್ಲಿ? ನನ್ನದೇ ಬೇಕಾದಷ್ಟಿದೆ. ಮನೇಲಿ ಇನ್ನೂ ಒಬ್ರಿದಾರೆ, ಅವ್ರನ್ನ ಕೇಳು."

ಕೇಳಲಿಲ್ಲ. ಬಟ್ಟೆಯನ್ನು ಮಡಿಸದೆ ನನ್ನ ಮೇಜಿನ ಮೇಲೆ ಹರಡಿಟ್ಟು, ಪೆಟ್ಟಿಗೆಯ ತೂತುಗಳನ್ನು ಬ್ರಷ್ಷಿನಿಂದ ಒರೆಸಿದೆ. ಮಧ್ಯಾಹ್ನ ಸೂಪ್ ಕುಡಿದು ಅಪ್ಪ ಒಲ್ಲದ ಮನಸ್ಸಿನಿಂದ ಕುರ್ಚಿಗೆ ಬಂದರು. ಪೆಟ್ಟಿಗೆಯ ಬೋಳು ನೆತ್ತಿಯನ್ನು ನೋಡಿ, ನನ್ನನ್ನು ನೋಡಿ, "ಎಲ್ಲಿ ಅದು?" ಎಂದರು. "ಒಗೆಯೋದಕ್ಕಿದೆ" ಎಂದೆ. ಅಪ್ಪ ಕೈ ಚಾಚಿ ಬರಿಯ ತಗಡನ್ನು ಒಮ್ಮೆ ಸವರಿದರು.

ಹಾರಿದೆವು. ನಾನು ಹಿಂದಿನ ಸ್ಟೂಲಿನಲ್ಲಿ ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು, ಯಂತ್ರದ ಬಿಸಿ ತೋರಿಸುವ ಅಂಕಿಯನ್ನೇ ನೋಡುತ್ತಿದ್ದೆ. ಕೊಲ್ಲಿ ಹತ್ತಿರವಾದಾಗ ಗಾವ್ರಾ ಮಾವ ಎಲ್ಲರೆದುರೇ ಕೇಳಿದರು: "ಏನಯ್ಯಾ ವಿತೊಮಿರ್, ನಿನ್ ಕುದುರೆ ಇವತ್ತೂ ನೀರು ನೋಡಿ ಬೆದರತ್ತಾ?" ಅಪ್ಪನ ಕಣ್ಣು ನೀರಿನ ಮೇಲೇ ಇತ್ತು. ನಾನು ಮೈಕಿನ ಗುಂಡಿ ಒತ್ತಿ, "ಬಿಸಿ ಏರಿಲ್ಲ, ಬರ್ತಿದ್ದಾರೆ" ಎಂದೆ. ಆ ಗುಂಪಿನಲ್ಲಿ ನನ್ನ ದನಿ ಯಾರೂ ಕೇಳಿರಲಿಲ್ಲ. ಹಲ್ಲಿನ ಡಾಕ್ಟರು, "ಕಂಟ್ರೋಲ್ ಟವರ್‌ಗೆ ಒಳ್ಳೇ ಹುಡುಗಿ ಸಿಕ್ಕಿದಾಳಲ್ಲಪ್ಪ" ಎಂದರು. ನನ್ನ ಕಿವಿ ಇನ್ನೂ ಬಿಸಿಯಾಗಿದೆ.

ತಿರುವು ಬಂತು. ಬೆಟ್ಟ ಎಡಕ್ಕೆ ಸರಿಯಿತು, ನೀರು ವಾಲಿತು, ಎಲ್ಲಿಯೂ ಒಂದು ತುಣುಕು ತಡೆಯಲಿಲ್ಲ. ಅಪ್ಪನ ಕೈಗಳು ಚುಕ್ಕಾಣಿಯ ಮೇಲೆ ಎಷ್ಟು ಸಣ್ಣದಾಗಿ ಅಲುಗಾಡುತ್ತಿದ್ದವೆಂದರೆ, ನಾನು ಚಿಕ್ಕವಳಿದ್ದಾಗ ಹೊಲದಂಚಿನಲ್ಲಿ ನಿಂತು ನೋಡುತ್ತಿದ್ದ ವಿಮಾನದೊಳಗೆ ನಡೆಯುತ್ತಿದ್ದದ್ದು ಇದು ಎಂದು ನನಗೆ ಇವತ್ತು ತಿಳಿಯಿತು. ಚಕ್ರ ನೆಲ ಮುಟ್ಟಿದ್ದು ಸದ್ದಿನಿಂದ ಗೊತ್ತಾಯಿತೇ ಹೊರತು ಚಿತ್ರ ಅದುರಲಿಲ್ಲ.

ಆಮೇಲೆ ಅಪ್ಪ ವಿಮಾನವನ್ನು ರನ್‌ವೇ ನಡುವೆಯೇ ನಿಲ್ಲಿಸಿಬಿಟ್ಟರು. ಹಿಂದೆ ಉಳಿದವರೆಲ್ಲ ಇಳಿಯಲು ಬರುತ್ತಿದ್ದರು.

"ರನ್‌ವೇ ಏನು ನಿಮ್ಮಪ್ಪಂದಾ? ಪಕ್ಕಕ್ ಸರಿಯಯ್ಯಾ" ಎಂದರು ಗಾವ್ರಾ ಮಾವ.

"ಒಂದ್ ನಿಮಿಷ ಇರ್ರೋ. ಮನೆ ಹುಡುಕ್ತಿದೀನಿ."

"ಯಾರ್ ಮನೆ?"

ಅಪ್ಪ ನೋಟವನ್ನು ತಿರುಗಿಸಿ ದಂಡೆಯ ಮೇಲಿನ ಇಳಿಜಾರನ್ನು ಒಂದೊಂದೇ ಸಾಲು ನೋಡುತ್ತಿದ್ದರು. "ನಮ್ಮ ಲ್ಯುಬಿಂಕಾ ಇರೋ ಮನೆ ಕಣೋ" ಎಂದು ನಿನ್ನ ಹೆಸರು ಹೇಳಿದರು.

ಗಾವ್ರಾ ಮಾವ ಗುಂಪಿನವರಿಗೆ, "ಎಲ್ಲಾರೂ ಇನ್ನೊಂದ್ ಸುತ್ತು ಹೊಡೀರಿ. ರನ್‌ವೇ ಖಾಲಿ ಇಲ್ಲ" ಎಂದರು.

ಮನೆ ಸಿಕ್ಕಿತು ಅಮ್ಮಾ. ಯಂತ್ರ ಅದಕ್ಕೆ ತಾನಾಗಿಯೇ ಇನ್ನೊಂದು ಮಹಡಿ ಕಟ್ಟಿದೆ, ಅಂಗಳದ ನಿಂಬೆಗಿಡ ತೋರಿಸುವುದಿಲ್ಲ. ಅಪ್ಪನಿಗೆ ಅದೇ ನಗು. "ನಿಮ್ಮ ಚಿಕ್ಕಮ್ಮಂಗೆ ಹೇಳು, ಮೇಲಿನ ಮಹಡಿಗೂ ಬಾಡಿಗೆ ವಸೂಲ್ ಮಾಡ್ಲಿ ಅಂತ." ಅಜ್ಜಿ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತು ನೋಡಿದರು. "ಇಷ್ಟು ದೂರ ಹೋಗಿ ಬಾಗ್ಲು ತಟ್ಟದೆ ಬಂದ್ಯಾ?" ಎಂದರು. ಈಗ ಕುರ್ಚಿ ಕಿಟಕಿಯ ಕಡೆಗಿದೆ.

ಚಿಕ್ಕಮ್ಮನಿಗೆ ನನ್ನ ನೆನಪು ಹೇಳು.

ನಿನ್ನ ಮಗಳು
ಸೆಂಕಾ

ಈಗ ತಿಳಿಯಿತು: ಅಜ್ಜಿ ಅಂದ ಆ ಇನ್ನೊಬ್ಬರು ಅಪ್ಪನೇ. ಪತ್ರ ಮುಗಿಸಿ ಬಟ್ಟೆ ಒಗೆಯಲು ಕೂತಾಗ ಬಂದು ಪಕ್ಕದಲ್ಲಿ ನಿಂತರು. "ಬಿಸಿನೀರು ಬೇಡ, ನೂಲು ಹಳದಿ ಆಗತ್ತೆ. ಗಂಜಿ ನಾನೇ ಹಾಕ್ತೀನಿ, ನಿಮ್ಮಮ್ಮ ಹಾಕ್ತಿದ್ದ ಹದ ನಂಗೊತ್ತು" ಎಂದರು. ಸಕ್ಕರೆ ಹೋಗುತ್ತಿದ್ದದ್ದು ಅಲ್ಲಿಗೆ. ಕಳ್ಳನೆಂದು ಬೈಸಿಕೊಂಡರೇ ಹೊರತು ಇದನ್ನು ಹೇಳಲಿಲ್ಲ ನೋಡು. ಅಜ್ಜಿಗೆ ನಾನು ಹೇಳಿದೆ; ಡಬ್ಬಿ ಮತ್ತೆ ಅಡುಗೆಮನೆಗೆ ಬಂದಿದೆ.

ಇನ್ನೊಂದು. ಬಟ್ಟೆಯನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ಬೆಲ್‌ಗ್ರೇಡ್‌ನಿಂದ ಟಿವಾತ್‌ಗೆ, ಬರುವ ಶನಿವಾರದ ವಿಮಾನದಲ್ಲಿ, ಎರಡು ಸೀಟು ಕಾದಿರಿಸಿದ್ದೇನೆ. ಪ್ರಯಾಣಿಕನಾಗಿ ಹಿಂದೆ ಕೂರಲಾರೆ ಎಂದು ಅಪ್ಪ ಇಷ್ಟು ವರ್ಷ ಹಟ ಹಿಡಿದದ್ದು ನನಗೆ ಗೊತ್ತಿದೆ. ಕಿಟಕಿಯ ಸೀಟು ಅವರಿಗೇ, ಅವರಿಗಿನ್ನೂ ಗೊತ್ತಿಲ್ಲ. ಗಂಜಿ ಒಣಗಿ ಬಟ್ಟೆ ಅವರ ಕೈಯಲ್ಲಿರುವಾಗ ಹೇಳುತ್ತೇನೆ, ಗಟ್ಟಿ ದನಿಯಲ್ಲಿ.